ಮೋಟಾರಿನ ಕಣ್ಣು

ಪುಣೆಯಲ್ಲಿ ನೆಲಸಿದ ನಮ್ಮಂಥವರಿಗೆ ಊರ ದಾರಿ ಎಂದರೆ ಶುಕ್ರವಾರದ ಸಂಜೆ. ಕಚೇರಿಯ ಕೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು, ಕಾತ್ರಜದ ಸುರಂಗ ದಾಟಿದೆವೆಂದರೆ ಮನಸ್ಸು ಆಗಲೇ ಧಾರವಾಡದ ಅಂಗಳಕ್ಕೆ ಹೋಗಿ ಕುಳಿತಿರುತ್ತದೆ. ದೇಹವನ್ನು ಮಾತ್ರ ನಾನೂರಕ್ಕೂ ಮಿಕ್ಕಿದ ಕಿಲೋಮೀಟರು ಸಾಗಿಸಬೇಕು. ಹಗಲು ಹೊರಟರೆ ಒಂದು ದಿನದ ರಜೆ ಹಾಳು. ಆದ್ದರಿಂದ ಇರುಳ ಪಯಣವೇ ಲಾಭವೆಂದು ಇಪ್ಪತ್ತು ವರ್ಷ ಲೆಕ್ಕ ಹಾಕಿಕೊಂಡು ಬಂದೆವು. ಆ ಲೆಕ್ಕದಲ್ಲಿ ಒಂದು ಅಂಕಿಯನ್ನು ಬಿಟ್ಟಿದ್ದೆವೆಂಬುದು ತಿಳಿದದ್ದು ಬಹಳ ತಡವಾಗಿ.

2024ರ ಸಂಕ್ರಾಂತಿಯ ಮುಂಚಿನ ಶುಕ್ರವಾರವೂ ಹೀಗೆಯೇ ಹೊರಟಿದ್ದೆವು. ಎಳ್ಳಮಾವಾಸ್ಯೆ ಹಿಂದಿನ ದಿನವಷ್ಟೇ ಕಳೆದಿತ್ತು; ಇರುಳು ಕಾಡಿಗೆ ಬಳಿದಂತಿತ್ತು. ಹಿಂದಿನ ಸೀಟಿನಲ್ಲಿ ಅವ್ವ, ಆಕೆಯ ಮಗ್ಗುಲಿಗೆ ನಮ್ಮ ಮನೆಯವರು, ಮುಂದೆ ಪಕ್ಕದಲ್ಲಿ ಮಗ. ಕೊಲ್ಹಾಪುರ, ನಿಪ್ಪಾಣಿ ದಾಟಿ ಸಂಕೇಶ್ವರ ಹತ್ತಿರವಾದಾಗ ಹನ್ನೆರಡು ಗಂಟೆಯ ಸುಮಾರು. ಕಬ್ಬು ನುರಿಸುವ ಹಂಗಾಮಿನಲ್ಲಿ ಆ ಸೀಮೆಯ ರಸ್ತೆಗಳು ಹೇಗಿರುತ್ತವೆಂದು ಅಲ್ಲಿ ತಿರುಗಾಡಿದವರಿಗೆ ಹೇಳಬೇಕಾಗಿಲ್ಲ. ಆಚೆ ಬದಿಯಿಂದ ಬಂದ ಬಸ್ಸೊಂದರ ಬೆಳಕು ಕಣ್ಣಿಗೆ ಹೊಡೆಯಿತು. ಬಸ್ಸು ಹೋದ ಮೇಲೆ ಮುಂದಿನ ರಸ್ತೆ ಖಾಲಿಯೆಂದೇ ನಮಗೆ ತೋರಿತು. ಅಷ್ಟರಲ್ಲಿ ಮಗ, “ಅಪ್ಪಾ, ಟ್ರ್ಯಾಕ್ಟರ್!” ಎಂದು ಕೂಗಿದ. ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು, ಹಿಂದೆ ಒಂದು ಮಿಣುಕು ದೀಪವೂ ಇಲ್ಲದೆ, ಬೆಟ್ಟವೇ ನಡೆದಂತೆ ಅದು ಹೋಗುತ್ತಿತ್ತು. ಬ್ರೇಕು ತುಳಿದು ಬಲಕ್ಕೆ ಎಳೆದೆವು. ಎಡಗಡೆಯ ಕನ್ನಡಿ ಕಬ್ಬಿನ ಗಳಗಳಿಗೆ ತಾಗಿ ಚೂರಾಯಿತು. ಅವ್ವ ಎಚ್ಚತ್ತು, “ಏನಾತೋ?” ಎಂದಳು. “ಏನಿಲ್ಲವ್ವಾ, ಕಬ್ಬಿನ ಗಾಡಿ,” ಎಂದೆವು. ಮುಂದೆ ಸಿಕ್ಕ ಧಾಬಾದಲ್ಲಿ ಚಹದ ಕಪ್ಪು ಹಿಡಿದಾಗ ಕೈ ನಡುಗುತ್ತಿದ್ದುದನ್ನು ಮನೆಯವರು ನೋಡಿದರು, ಏನೂ ಅನ್ನಲಿಲ್ಲ.

ಊರಿಗೆ ಹೋದ ಮೇಲೆ ಹಬ್ಬದ ಸಜ್ಜೆ ರೊಟ್ಟಿಯೂ ರುಚಿಸಲಿಲ್ಲ. ಕಾಗದ ಪೆನ್ನು ಹಿಡಿದು ಬಿಟ್ಟುಹೋದ ಅಂಕಿಯನ್ನು ಹುಡುಕತೊಡಗಿದೆವು. ಗಂಟೆಗೆ 80 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 22 ಮೀಟರು. ಕಣ್ಣು ಕಂಡು, ಮನಸ್ಸು ಒಪ್ಪಿ, ಕಾಲು ಬ್ರೇಕಿನ ಮೇಲೆ ಬೀಳುವ ಹೊತ್ತಿಗೆ ಒಂದೂವರೆ ಸೆಕೆಂಡು ಸರಿಯುತ್ತದೆ. ಅಷ್ಟರಲ್ಲಿ ಕಾರು 33 ಮೀಟರು ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನೂ 35 ಮೀಟರು. ಅಂತೂ 70 ಮೀಟರು ಬೇಕು. ವೇಗ 100 ಆದರೆ ಹತ್ತಿರ ಹತ್ತಿರ 100 ಮೀಟರು. ಆದರೆ ಡಿಪ್ಪರಿನ ಬೆಳಕಿನಲ್ಲಿ, ಒಳ್ಳೆಯ ಸ್ಥಿತಿಯ ಕಾರಿನಲ್ಲಿ ಕೂಡ, ಕಪ್ಪು ಬಣ್ಣದ ವಸ್ತು ಸ್ಪಷ್ಟವಾಗುವುದು ಐವತ್ತು ಅರವತ್ತು ಮೀಟರಿನಾಚೆಗಲ್ಲ. ಅಂದರೆ ಇಷ್ಟು ವರ್ಷ ನಾವು ಕಂಡಷ್ಟು ದೂರದೊಳಗೆ ನಿಲ್ಲಲಾಗದ ವೇಗದಲ್ಲಿ, ದೇವರ ಮೇಲೆ ಭಾರ ಹಾಕಿ ಓಡಿಸುತ್ತಿದ್ದೆವು. ಮೊದಲು ವೇಗ ತಗ್ಗಿಸಬೇಕು, ದೀಪ ಆಮೇಲೆ. ಇದು ನಮಗೆ ಅಂದೇ ಹೊಳೆಯಬೇಕಾಗಿತ್ತು. ಆದರೆ ಮನುಷ್ಯನ ಬುದ್ಧಿ ನೋಡಿ, ವೇಗ ಬಿಡುವುದಕ್ಕಿಂತ ಸಾಮಾನು ಕೊಳ್ಳುವುದು ಸುಲಭವೆಂದು ಕಾಣುತ್ತದೆ.

ಪುಣೆಗೆ ಮರಳಿದ ವಾರವೇ ಮೋಟಾರು ಸಾಮಾನಿನ ಅಂಗಡಿಗಳ ಬೀದಿಗೆ ಹೋದೆವು. ಅಂಗಡಿಯವನು ಎಲ್‌ಇಡಿ ಬಲ್ಬಿನ ಜೋಡಿಯೊಂದನ್ನು ಮುಂದಿಟ್ಟ. ಡಬ್ಬಿಯ ಮೇಲೆ ಲ್ಯೂಮೆನ್ನುಗಳ ಲೆಕ್ಕ ಸಾವಿರ ಸಾವಿರವಾಗಿ ಅಚ್ಚಾಗಿತ್ತು. ಹಚ್ಚಿ ತೋರಿಸಿದಾಗ ಅಂಗಡಿಯೊಳಗೆ ಹಗಲಾಯಿತು. ಮೂರು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಅಲ್ಲಿಯೇ ಹಾಕಿಸಿಕೊಂಡು ಬಂದೆವು. ಆ ರಾತ್ರಿ ಮನೆಯವರನ್ನು ಕೂರಿಸಿಕೊಂಡು ಸಾಸವಡದ ಕಡೆಗೆ ಒಂದು ಸುತ್ತು ಹೊರಟದ್ದೇ ತಪ್ಪಾಯಿತು. ಎದುರಿಗೆ ಬಂದವರೆಲ್ಲ ನಮಗೆ ಅಪ್ಪರ್ ಹೊಡೆದು ಬಯ್ಯತೊಡಗಿದರು. ಸ್ಕೂಟರಿನವನೊಬ್ಬ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ. ಆತನಿಗೆ ಅಷ್ಟು ಬೆಳಕು. ನಮಗೋ ಕಾರಿನ ಮೂತಿಯ ಮುಂದೆ ಹತ್ತು ಮಾರು ಬೆಳ್ಳಗೆ ಸುಣ್ಣ ಬಳಿದಂತೆ, ಅದರಾಚೆ ಮೊದಲಿಗಿಂತ ಗಾಢವಾದ ಕತ್ತಲೆ. “ಇದಕ್ಕಿಂತ ಹಳೇ ದೀಪಾನೇ ಚಲೋ ಇತ್ತು,” ಎಂದರು ಮನೆಯವರು.

ಏಕೆ ಹೀಗಾಯಿತೆಂಬುದನ್ನು ತಿಳಿಯಬೇಕಾದರೆ ಹಳೆಯ ಬಲ್ಬಿನ ಒಳಗನ್ನು ನೋಡಬೇಕು. ನಮ್ಮ ದೇಶದ ಬಹಳಷ್ಟು ಸಾಧಾರಣ ಕಾರುಗಳಲ್ಲಿರುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. ಅದರೊಳಗೆ ಎರಡು ತಂತುಗಳಿವೆ: ಅಪ್ಪರಿಗೆ 60 ವಾಟಿನದು, ಡಿಪ್ಪರಿಗೆ 55 ವಾಟಿನದು. ಡಿಪ್ಪರಿನ ತಂತುವಿನ ಕೆಳಗೆ ಪುಟ್ಟ ಲೋಹದ ದೊನ್ನೆಯೊಂದಿರುತ್ತದೆ. ಅದು ಕೆಳಗೆ ಬೀಳುವ ಬೆಳಕನ್ನು ತಡೆಯುವುದರಿಂದ ಹಿಂದಿನ ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬೆಳಕು ತಾಗಿ, ಅಲ್ಲಿಂದ ಬಾಗಿ ರಸ್ತೆಗೆ ಇಳಿಯುತ್ತದೆ. ಗೋಡೆಯ ಮೇಲೆ ಹಿಡಿದರೆ ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ನಾವು ಎಡಕ್ಕೆ ನಡೆಯುವವರಾದ್ದರಿಂದ ಆ ಗೆರೆ ಎಡಬದಿಯಲ್ಲಿ ತುಸು ಮೇಲಕ್ಕೇರಿ ರಸ್ತೆಯಂಚಿನ ಪಾದಚಾರಿಯನ್ನು ತೋರಿಸುತ್ತದೆ. ಬಲಬದಿಯಲ್ಲಿ ಎದುರಿನವನ ಕಣ್ಣನ್ನು ಬಿಟ್ಟು ಕೆಳಗೇ ಉಳಿಯುತ್ತದೆ. ಇಷ್ಟೆಲ್ಲ ನಾಜೂಕು, ತಂತು ಕೂದಲೆಳೆಯಷ್ಟೂ ಆಚೀಚೆಯಾಗದೆ ತನ್ನ ಜಾಗದಲ್ಲಿ ಇದ್ದರೆ ಮಾತ್ರ. ಅದೇ ಗೂಡಿಗೆ ಬೇರೆ ಆಕಾರದ, ಎರಡು ಮಗ್ಗುಲಿಗೆ ಬೆಳಕು ಚೆಲ್ಲುವ ಎಲ್‌ಇಡಿ ತುರುಕಿದರೆ ಕನ್ನಡಿಗೆ ಏನು ಮಾಡಬೇಕೆಂದು ತಿಳಿಯದು. ಬೆಳಕು ಹೆಚ್ಚಾಯಿತು, ನಿಜ. ಆದರೆ ಮಡಕೆ ಒಡೆದ ಮೇಲಿನ ನೀರಿನಂತೆ ಎಲ್ಲೆಡೆ ಹರಿಯಿತು. ಎಲ್‌ಇಡಿ ಎಂದರೆ ಕೆಟ್ಟದ್ದೆಂದಲ್ಲ. ಕಾರ್ಖಾನೆಯಲ್ಲಿಯೇ ಅದಕ್ಕೆಂದು ಮಾಡಿದ ದೀಪದಲ್ಲಿ ಅದು ಬಹಳ ಒಳ್ಳೆಯದು. ಪರರ ಮನೆಗೆ ಬಂದಾಗ ಮಾತ್ರ ಕೆಡುತ್ತದೆ. ಕಾಯಿದೆಯೂ ಇದನ್ನು ಒಪ್ಪುವುದಿಲ್ಲ. ಕಂಪನಿ ಮಾಡಿಕೊಟ್ಟ ರೂಪವನ್ನು ಮನಬಂದಂತೆ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ.

ಮಾರನೆಯ ರವಿವಾರ ಮನೆಯ ಹತ್ತಿರದ ಎಲೆಕ್ಟ್ರಿಶಿಯನ್ನನ ಷೆಡ್ಡಿಗೆ ಹೋಗಿ, ಹಳೆಯ ಬಲ್ಬನ್ನೇ ಮತ್ತೆ ಹಾಕಲು ಹರಕು ಮರಾಠಿಯಲ್ಲಿ ಹೇಳುತ್ತಿದ್ದೆವು. ನಡುವೆ ಅವ್ವನ ಫೋನು ಬಂತು. ಮಾತು ಮುಗಿಸಿ ತಿರುಗಿದರೆ ಆತ ನಗುತ್ತ ನಿಂತಿದ್ದಾನೆ. “ಸಾಹೇಬ್ರ, ಮೊದ್ಲ ಹೇಳಬಾರದೇನ್ರಿ ಕನ್ನಡದವ್ರಂತ? ನಾವು ಇಂಡಿ ಕಡೆಯವ್ರರೀ.” ಆ ಮೇಲೆ ನಮಗೆ ಸ್ಟೂಲು ಬಂತು, ಚಹ ಬಂತು, ಅದಕ್ಕಿಂತ ಮಿಗಿಲಾಗಿ ನಿಜವೂ ಬಂತು. “ಬಲ್ಬಿಂದೇನ್ ತಪ್ಪಿಲ್ರಿ. ಈ ಕಾಚ್ ನೋಡ್ರಿ, ಮುದುಕನ ಕಣ್ಣಾಗ ಪೊರಿ ಬಂದಂಗ ಆಗೇತಿ. ಒಳಗ ಸೂರ್ಯನ್ನ ಇಟ್ರೂ ಹೊರಗ ಬರೂದು ಇಷ್ಟ.”

ಹಳೆಯ ವಾಚಕರಿಗೆ ಅಂಬಾಸಡರ್, ಪದ್ಮಿನಿ ಕಾರುಗಳ ದುಂಡು ಕಣ್ಣುಗಳು ನೆನಪಿರಬಹುದು. ಅವುಗಳ ಮುಂದಿನದು ನಿಜವಾದ ಗಾಜು. ಒಡೆಯುತ್ತಿತ್ತೇ ಹೊರತು ಮಬ್ಬಾಗುತ್ತಿರಲಿಲ್ಲ. ಎದುರಿನವರ ಕಣ್ಣಿಗೆ ಹೊಡೆಯದಿರಲೆಂದು ಅದರ ಮೇಲೊಂದು ಕಪ್ಪು ಬೊಟ್ಟು ಇಡುತ್ತಿದ್ದ ಕಾಲವೂ ಇತ್ತು. ಮಗುವಿಗೆ ದೃಷ್ಟಿಬೊಟ್ಟು ಇಟ್ಟಂತೆ ಚಂದ ಕಾಣುತ್ತಿತ್ತು. ಈಗಿನವು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ಹಗುರ, ಗಟ್ಟಿ, ಬೇಕಾದ ಆಕಾರಕ್ಕೆ ಬಾಗುತ್ತವೆ. ಆದರೆ ಬಿಸಿಲಿನ ನೇರಳಾತೀತ ಕಿರಣ ತಾಗಿ ತಾಗಿ ಮೇಲಿನ ಲೇಪ ಸವೆದು ಹಳದಿಯಾಗುತ್ತವೆ. ವರ್ಷಗಟ್ಟಲೆ ಬಯಲಿನಲ್ಲಿ ನಿಂತ ನಮ್ಮ ಕಾರಿನದು ಹಾಗೆಯೇ ಆಗಿತ್ತು. ಆತ ನೀರಿನ ಮರಳು ಕಾಗದ ತಂದು, ಮೊದಲು 800ರ ನಂಬರಿನದು, ಆಮೇಲೆ 1500, 2000, ಕೊನೆಗೆ 3000ರದು, ಹೀಗೆ ನೀರು ಬಿಡುತ್ತ ಒಂದು ಗಂಟೆ ಉಜ್ಜಿದ. ಬಳಿಕ ಪಾಲಿಶು, ಅದರ ಮೇಲೆ ಬಿಸಿಲು ತಡೆಯುವ ಹೊಸ ಲೇಪ. ಈ ಕೊನೆಯ ಲೇಪವೇ ಮುಖ್ಯ. ಅದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಸಾಕೆಂದು ನಮ್ಮ ನೆರೆಯವರೊಬ್ಬರ ಉಪದೇಶವಿತ್ತು. ತಿಕ್ಕಿದ ದಿನ ಹೊಳೆಯುವುದು ಸುಳ್ಳಲ್ಲ. ನಮ್ಮ ಹಲ್ಲಿನಷ್ಟು ದಿನವೂ ಆ ಹೊಳಪು ನಿಲ್ಲುವುದಿಲ್ಲ.

ಮುಂದೆ ಆತ ಮೀಟರು ತಂದ. ಎಂಜಿನು ನಡೆಯುತ್ತಿರುವಾಗ ಬ್ಯಾಟರಿಯ ಮೇಲೆ 14.1 ವೋಲ್ಟು, ಅದೇ ಹೊತ್ತಿಗೆ ಬಲ್ಬಿನ ಹಿಂದೆ 12.4. ಉಳಿದದ್ದೆಲ್ಲಿ ಹೋಯಿತು? ಹಳೆಯ ಕಾರುಗಳಲ್ಲಿ ದೀಪದ ಕರೆಂಟು ಪೂರ್ತಿಯಾಗಿ ಸ್ಟಿಯರಿಂಗಿನ ಬಳಿಯ ಸ್ವಿಚ್ಚಿಗೆ ಬಂದು, ಅಲ್ಲಿಂದ ತೆಳುವಾದ ತಂತಿಯಲ್ಲಿ ಮತ್ತೆ ಮುಂದಕ್ಕೆ ಹೋಗುತ್ತದೆ. ಎರಡು ಬಲ್ಬಿನ ಅಪ್ಪರಿಗೆ ಹತ್ತು ಆಂಪಿಯರು. ಸವೆದ ಸ್ವಿಚ್ಚು, ತುಕ್ಕು ಹಿಡಿದ ಜೋಡಣೆ, ಉದ್ದ ತಂತಿ ಒಂದೊಂದೂ ತನ್ನ ಕಂದಾಯ ವಸೂಲು ಮಾಡುತ್ತದೆ. ಹ್ಯಾಲೊಜನ್ ಬಲ್ಬಿನ ಸ್ವಭಾವವೋ ಬಹಳ ಮುನಿಸಿನದು. ವೋಲ್ಟು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ಈ ಲೆಕ್ಕದಲ್ಲಿ ನಮ್ಮ ಬೆಳಕಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಇದಕ್ಕೆ ಮದ್ದು ರಿಲೇ. ಬ್ಯಾಟರಿಯಿಂದ ದಪ್ಪ ತಂತಿಯೊಂದು, ಬುಡದಲ್ಲಿಯೇ ಫ್ಯೂಸಿನ ಸಮೇತ, ನೇರವಾಗಿ ಬಲ್ಬಿಗೆ ಬರುತ್ತದೆ. ನಡುವೆ ರಿಲೇ ಬಾಗಿಲು ಕಾಯುತ್ತದೆ. ಹಳೆಯ ಸ್ವಿಚ್ಚಿನ ಕೆಲಸ ಆ ಬಾಗಿಲವನಿಗೆ ಸನ್ನೆ ಮಾಡುವುದಷ್ಟೇ. ಇದನ್ನು ಹಾಕಿದ ಮೇಲೆ ಬಲ್ಬಿನ ಹಿಂದೆ 13.7 ವೋಲ್ಟು ಬಂತು. ಅದೇ ಹಳೆಯ ಬಲ್ಬು, ಕಂದಿದ ಬೆಂಕಿಗೆ ಊದುಗೊಳವೆಯಿಂದ ಊದಿದಂತೆ ಬೆಳ್ಳಗಾಯಿತು.

ಹೊಸ ಕಾರುಗಳವರು ಮಾತ್ರ ಇದಕ್ಕೆ ಕೈ ಹಾಕಬಾರದು. ಅವುಗಳಲ್ಲಿ ದೀಪದ ಯಜಮಾನಿಕೆಯೂ ಕಂಪ್ಯೂಟರಿನದೇ. ಒಂದು ತಂತಿ ಕತ್ತರಿಸಿದರೆ ಇನ್ನೆಲ್ಲೋ ಕೆಂಪು ದೀಪ ಹತ್ತುತ್ತದೆ, ವಾರಂಟಿಯೂ ಹೋಗುತ್ತದೆ.

“ರಿಲೇ ಹಾಕ್ದ ಮ್ಯಾಲ 100/90 ಬಲ್ಬು ಹಾಕಿದ್ರ ಹೆಂಗ?” ಎಂದು ನಮ್ಮ ಮಗ ಆತನದೇ ಮಾತಿನಲ್ಲಿ ಕೇಳಿದ. ಆತ ಮೂಲೆಯಿಂದ ಹಳೆಯ ದೀಪವೊಂದನ್ನು ಎತ್ತಿ ತೋರಿಸಿದ. ಒಳಗಿನ ಕನ್ನಡಿ ಸುಟ್ಟು ಕಂದಿತ್ತು, ಹೋಲ್ಡರು ಬೆಲ್ಲದ ಪಾಕದಂತೆ ಕರಗಿತ್ತು. ನೂರು ವಾಟಿನ ಬಲ್ಬು ರಸ್ತೆಗೆ ಒಪ್ಪಿಗೆ ಪಡೆದದ್ದೂ ಅಲ್ಲ. ಇನ್ನೊಂದು ವಿಚಾರ: ಬೆಳಕು ಇಮ್ಮಡಿಯಾದರೆ ಕಾಣುವ ದೂರ ಇಮ್ಮಡಿಯಾಗುವುದಿಲ್ಲ. ದೂರ ಇಮ್ಮಡಿಯಾಗಬೇಕಾದರೆ ಬೆಳಕು ನಾಲ್ಕು ಪಟ್ಟು ಬೇಕು. ಆದ್ದರಿಂದ ಅದೇ 60/55 ವಾಟಿನ, ಹೆಸರಾಂತ ಕಂಪನಿಯ ಹೊಸ ಬಲ್ಬುಗಳನ್ನು ಎರಡೂ ಕಡೆ ಒಟ್ಟಿಗೆ ಹಾಕಿದೆವು. ಹಳೆಯವು ಉರಿದು ಉರಿದು ಸೊರಗಿರುತ್ತವೆ. ಒಂದನ್ನು ಬದಲಿಸಿದರೆ ಒಕ್ಕಣ್ಣನ ನೋಟ. ಬಲ್ಬಿನ ಗಾಜಿಗೆ ಬೆರಳು ಮುಟ್ಟಿಸಬಾರದು. ಚರ್ಮದ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಿ ಬಲ್ಬು ಬೇಗ ಸಾಯುತ್ತದೆ. ಡಬ್ಬಿಯ ಮೇಲೆ 5000, 6000 ಕೆಲ್ವಿನ್ ಎಂದು ಬರೆದದ್ದನ್ನು ನೋಡಿ ಬೆಳಕು ಹೆಚ್ಚೆಂದು ಮೋಸಹೋಗಬೇಡಿ. ಅದು ಬಣ್ಣದ ಅಳತೆ. ಅಂಕಿ ಏರಿದಂತೆ ಬೆಳಕು ನೀಲಿಯ ಕಡೆಗೆ ತಿರುಗುತ್ತದೆ, ಎದುರಿನವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಹ್ಯಾಲೊಜನ್ನಿನ ತುಸು ಹಳದಿಯ ಬೆಳಕು 3200ರ ಆಸುಪಾಸಿನದು.

ಎಲ್ಲಕ್ಕಿಂತ ಅಗ್ಗವಾದದ್ದು, ಎಲ್ಲರೂ ಮರೆಯುವುದು, ದೀಪದ ಗುರಿ. ನಮ್ಮ ಸೊಸೈಟಿಯ ಹಿಂದುಗಡೆ ಸಮನಾದ ನೆಲ, ಎದುರಿಗೊಂದು ಗೋಡೆ. ಟಯರುಗಳಲ್ಲಿ ಗಾಳಿ ಸರಿಯಾಗಿ ತುಂಬಿಸಿ, ಚಾಲಕನ ಸೀಟಿನಲ್ಲಿ ಮಗನನ್ನು ಕೂರಿಸಿ, ಗೋಡೆಯಿಂದ ಹತ್ತು ಮೀಟರು ದೂರದಲ್ಲಿ ಕಾರು ನಿಲ್ಲಿಸಿದೆವು. ನೆಲದಿಂದ ದೀಪದ ನಡುವಿಗೆ 65 ಸೆಂಟಿಮೀಟರು. ಅಷ್ಟೇ ಎತ್ತರದಲ್ಲಿ ಗೋಡೆಗೆ ಪಟ್ಟಿ ಅಂಟಿಸಿ, ಅದರ ಕೆಳಗೆ ಹತ್ತು ಸೆಂಟಿಮೀಟರಿಗೆ ಇನ್ನೊಂದು ಪಟ್ಟಿ. ಡಿಪ್ಪರಿನ ಗೆರೆ ಈ ಕೆಳಗಿನ ಪಟ್ಟಿಯ ಮೇಲೆ ಕೂರಬೇಕು. ನೂರಕ್ಕೆ ಒಂದರ ಈ ಇಳಿತವನ್ನು ಕೆಲವು ಕಾರುಗಳಲ್ಲಿ ದೀಪದ ಬಳಿಯ ಚೀಟಿಯ ಮೇಲೆಯೇ ಬರೆದಿರುತ್ತಾರೆ. ನಿಮ್ಮದರಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಲೆಕ್ಕ ನೋಡಿ: ಇಷ್ಟು ಇಳಿದರೆ ಬೆಳಕಿನ ಗೆರೆ ನೆಲ ಮುಟ್ಟುವುದು 65 ಮೀಟರಿನಲ್ಲಿ. ಇಳಿತ ನೂರಕ್ಕೆ ಎರಡಾದರೆ ಮೂವತ್ತೆರಡೂವರೆ ಮೀಟರಿನಲ್ಲಿಯೇ ಮುಗಿಯಿತು. ನಮ್ಮ ಕಾರಿನ ಎಡದೀಪ ಎರಡಕ್ಕೂ ಕೆಳಗಿತ್ತು. ಬಲದ್ದು ಮೇಲಕ್ಕೆ ನೋಡುತ್ತ ನಕ್ಷತ್ರ ಎಣಿಸುತ್ತಿತ್ತು. ಆ ಟ್ರ್ಯಾಕ್ಟರು ನಮಗೆ ಕಾಣದಿದ್ದುದರಲ್ಲಿ ಆಶ್ಚರ್ಯವೇನು? ಎರಡು ಸ್ಕ್ರೂ ತಿರುಗಿಸಿದ್ದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ನಾವು ಗೋಡೆಯ ಮುಂದೆ ಮಂಡಿಯೂರಿ ಕುಳಿತಿದ್ದನ್ನು ಕಂಡು ಮೇಲಿನ ಮಹಡಿಯವರು ಏನು ಕಳೆದುಹೋಯಿತೆಂದು ಕೇಳಿದರು. ಇದೀಗ ಸಿಕ್ಕಿತೆಂದೆವು.

ಹಿಂದೆ ಜನ, ಸಾಮಾನು ತುಂಬಿದರೆ ಕಾರಿನ ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ, ಅದರೊಡನೆ ದೀಪವೂ. ಅದಕ್ಕೆಂದೇ ಸ್ಟಿಯರಿಂಗಿನ ಪಕ್ಕದಲ್ಲಿ 0ಯಿಂದ 3ರ ವರೆಗೆ ತಿರುಗುವ ಪುಟ್ಟ ಗುಂಡಿಯೊಂದು ಹಲವು ಕಾರುಗಳಲ್ಲಿದೆ. ಒಬ್ಬರೇ ಇದ್ದರೆ 0. ಭಾರ ಹೆಚ್ಚಿದಂತೆ ಅಂಕಿ ಹೆಚ್ಚಿಸಬೇಕು. ಆ ಗುಂಡಿ ಏತಕ್ಕೆಂದು ಹನ್ನೆರಡು ವರ್ಷ ನಮಗೆ ತಿಳಿದಿರಲಿಲ್ಲ. ಊರಿನಿಂದ ಮರಳುವಾಗ ಜೋಳದ ಚೀಲ, ಶೇಂಗಾ ಹಿಂಡಿಯ ಡಬ್ಬಿ, ಉಪ್ಪಿನಕಾಯಿ ಭರಣಿ, ಇವುಗಳ ಮೇಲೆ ಅವ್ವ. ಪಾಪ, ಎದುರಿಗೆ ಬಂದ ಲಾರಿಯವರು ನಮಗೆಷ್ಟು ಶಾಪ ಹಾಕಿದ್ದರೋ! “ಯೂಸ್ ಡಿಪ್ಪರ್ ಅಟ್ ನೈಟ್” ಎಂದು ಬೆನ್ನ ಮೇಲೆ ಬರೆಸಿಕೊಂಡು ತಿರುಗುವವರಿಗೆ ನಾವು ಡಿಪ್ಪರಿನಲ್ಲಿಯೇ ಕಣ್ಣು ಕುಕ್ಕುತ್ತಿದ್ದೆವು.

ಇಷ್ಟಾದ ಮೇಲೆ ಬೇಸಿಗೆಯ ಒಂದು ರಾತ್ರಿ ಮತ್ತೆ ಸಾಸವಡದ ದಾರಿಗೆ ಹೋದೆವು. ರಸ್ತೆ ಚೆನ್ನಾಗಿ ಕಂಡಿತು, ಯಾರೂ ಬಯ್ಯಲಿಲ್ಲ. ಆದರೆ ಪಕ್ಕದಲ್ಲಿ ಕುಳಿತ ಮಗ, “ಅಲ್ನೋಡಪ್ಪಾ, ಸೈಕಲ್,” ಎಂದಾಗ ನಮಗೆ ಸೈಕಲ್ಲು ಕಾಣಲು ಮತ್ತೂ ಒಂದೆರಡು ಕ್ಷಣ ಬೇಕಾಯಿತು. ಎದುರಿನ ದೀಪಗಳ ಸುತ್ತ ನಮಗೆ ಬಣ್ಣದ ಬಳೆ ಕಾಣುತ್ತಿತ್ತು, ಅವನಿಗೆ ಇಲ್ಲ. ಒಂದೇ ಗಾಜಿನ ಮೂಲಕ, ಒಂದೇ ದೀಪದಲ್ಲಿ ನೋಡಿದ ಇಬ್ಬರಿಗೆ ಎರಡು ರಸ್ತೆ. ಸಂಕೇಶ್ವರದ ಆ ರಾತ್ರಿಯೂ ಮೊದಲು ಕಂಡದ್ದು ಅವನಿಗೇ ಅಲ್ಲವೆ? ಎಲೆಕ್ಟ್ರಿಶಿಯನ್ನನ ಮುದುಕನ ಕಣ್ಣಿನ ಮಾತು ಆಗ ಎದೆಗೆ ತಾಗಿತು.

ಕಣ್ಣಿನ ವೈದ್ಯರು ಎರಡು ಕಣ್ಣಿಗೂ ಪೊರೆ ಆರಂಭವಾಗಿದೆಯೆಂದರು. ಶಸ್ತ್ರಕ್ರಿಯೆಗೆ ಇನ್ನೂ ಕಾಲವಿದೆ, ಚಷ್ಮದ ನಂಬರು ಮಾತ್ರ ಹಳೆಯದಾಗಿದೆ. ಅವರು ತಿಳಿಸಿದ ವಿಚಾರ ಇಷ್ಟು: ಇಪ್ಪತ್ತರ ತರುಣನ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ಮುಟ್ಟುತ್ತದೆ. ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅರಳುವುದಿಲ್ಲ, ಒಳಗಿನ ಮಸೂರ ಹಳದಿಯಾಗಿರುತ್ತದೆ. ಎದುರಿನ ಬೆಳಕು ಹೊಡೆದ ಮೇಲೆ ನೋಟ ಮರಳಲು ಹೆಚ್ಚು ಹೊತ್ತು ಬೇಕು. ನಮಗೀಗ ಐವತ್ತೆಂಟು. ರಾತ್ರಿಗೆಂದು ಮಾರುವ ಹಳದಿ ಚಷ್ಮದ ವಿಚಾರ ಕೇಳಿದೆವು. ಬರುವ ಬೆಳಕೇ ಕಡಮೆಯಾಗಿರುವಾಗ ಅದನ್ನೂ ಸೋಸಿ ಕುಡಿಯುತ್ತೀರಾ, ಎಂದು ನಕ್ಕರು. ಪ್ರತಿಫಲನ ತಡೆಯುವ ಲೇಪದ ಬಿಳಿಯ ಚಷ್ಮ ಮಾಡಿಸಿಕೊಂಡೆವು.

ಮನೆಯಲ್ಲಿ ಆ ಸಂಜೆ ಮಾತು ಕಷ್ಟದ್ದಾಗಿತ್ತು. ಮಗ ಲೈಸೆನ್ಸು ಪಡೆದು ನಾಲ್ಕು ವರ್ಷವಾಗಿದ್ದರೂ ಊರ ದಾರಿಯಲ್ಲಿ ಅವನಿಗೆ ಸ್ಟಿಯರಿಂಗು ಕೊಟ್ಟಿರಲಿಲ್ಲ. ಕೊಟ್ಟರೆ ನಾವು ಹಳಬರಾದೆವೆಂದು ಒಪ್ಪಿದಂತೆ. ದೀಪಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಲು ಸಿದ್ಧರಿದ್ದ ನಾವು ಈ ಒಂದು ಬೀಗದ ಕೈಯನ್ನು ಕೊಡಲು ಹಿಂದೆಮುಂದೆ ನೋಡಿದೆವು. ಕೊನೆಗೆ ಮನೆಯವರೇ ಕಾರಿನ ಕೀಲಿಯನ್ನು ಮೊಳೆಯಿಂದ ತೆಗೆದು ಅವನ ಮುಂದಿಟ್ಟರು. “ಹೊತ್ತು ಮುಳುಗಿದ ಮೇಲೆ ನೀನು. ಎಪ್ಪತ್ತು ದಾಟಂಗಿಲ್ಲ,” ಎಂದರು. ನಮ್ಮನ್ನು ಯಾರೂ ಕೇಳಲಿಲ್ಲ.

2025ರ ಸಂಕ್ರಾಂತಿಗೆ ಮಧ್ಯಾಹ್ನ ಎರಡಕ್ಕೇ ಬಿಟ್ಟೆವು. ಬೆಳಕಿರುವ ತನಕ ನಾವು. ರಸ್ತೆ ಅಗಲ ಮಾಡುವ ಕೆಲಸ ನಡೆದು ಅಲ್ಲಲ್ಲಿ ಬಳಸುದಾರಿ. ಕೊಲ್ಹಾಪುರದ ಹೊತ್ತಿಗೆ ಕತ್ತಲಾಯಿತು. ಅಲ್ಲಿ ನಿಂತು ಒದ್ದೆಯ ಬಟ್ಟೆಯಿಂದ ಎರಡು ದೀಪಗಳನ್ನೂ, ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿದೆವು. ಒಳಮೈಯ ಜಿಡ್ಡೂ ಬೆಳಕನ್ನು ಚೆದರಿಸುತ್ತದೆ. ಮಗ ಗುಂಡಿಯನ್ನು 2ಕ್ಕೆ ತಿರುಗಿಸಿದ. ಸಂಕೇಶ್ವರ ಬಂದಾಗ ಅದೇ ಜಾಗ, ಅದೇ ಹಂಗಾಮು, ಮುಂದೆ ಅಂಥದೇ ಕಬ್ಬಿನ ಟ್ರೇಲರು. ಬಹಳ ದೂರದಿಂದಲೇ ಅದರ ಬೆನ್ನಿಗೆ ಅಂಟಿಸಿದ ಕೆಂಪು ಪಟ್ಟಿ ನಮ್ಮ ದೀಪಕ್ಕೆ ಮಿನುಗಿತು. ಮಗ ವೇಗ ತಗ್ಗಿಸಿ, ಎಡಗಡೆ ಒಂದು ಮಾರು ಜಾಗ ಬಿಟ್ಟು ದಾಟಿದ. ಆಕಾಶದಲ್ಲಿ ಬನದ ಹುಣ್ಣಿಮೆಗೆ ಮೂರು ದಿನ ಮುಂಚಿನ ಚಂದ್ರ. ಹೊಲಗಳೆಲ್ಲ ಹಾಲು ಚೆಲ್ಲಿದಂತಿದ್ದವು.

ಅವ್ವ ಕಿಟಕಿಯಾಚೆ ನೋಡುತ್ತಿದ್ದವಳು, “ಇಷ್ಟು ಬೆಳದಿಂಗಳ ಇರೂವಾಗ ದೀಪ ಯಾಕೋ ಹಚ್ಚೀದಿ, ಬ್ಯಾಟರಿ ಸುಮ್ನ ಖರ್ಚು,” ಎಂದಳು. ಮಗ ನಕ್ಕು, ಎದುರಿಗೆ ಬಸ್ಸು ಬರುತ್ತಿದ್ದುದರಿಂದ ಡಿಪ್ಪರು ಕೊಟ್ಟ.